ಹನ್ನೆರಡು ಸಾಲದಾ?

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದ್ಯಾ? ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ಲೇಆಫ್‌ಗೆ 12 ಟೀಮ್ ಸಾಕಾ, 24 ಬೇಕಾ ಅಂತ. ನಿಮ್ಮಲ್ಲಿ ಹೆಚ್ಚಿನವರು 24 ಒತ್ತಿದ್ರಿ. ಆಮೇಲೆ ಪಿಯುಸಿ ಕ್ಲಾಸ್‌ಮೇಟ್ ಒಬ್ಬಳು ಡಿಎಂ ಮಾಡಿ, "ಲೋ, ಇದು ಮೆಸ್ಸಿ ಆಡೋ ಫುಟ್‌ಬಾಲಾ?" ಅಂದ್ಲು. ಅಲ್ಲ ತಾಯಿ. ಇದು ಮೊಟ್ಟೆ ಥರದ ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡೋ, ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡೆಯೋ ಆಟ. ಒತ್ತಿದ್ದು ಒತ್ತಾಯ್ತು, ಏನಕ್ಕೆ ಒತ್ತಿದ್ರಿ ಅಂತಾದ್ರೂ ಗೊತ್ತಾಗ್ಲಿ. ಸ್ವಲ್ಪ ಉದ್ದ ಇದೆ, ಕೂತು ಓದಿ.

ಐಪಿಎಲ್ ಲೆಕ್ಕ ಸುಲಭ. 10 ಟೀಮ್, ತಲಾ 14 ಮ್ಯಾಚ್, ಪಾಯಿಂಟ್ಸ್ ಟೇಬಲ್, ಮೇಲಿನ ನಾಲ್ಕು ಒಳಗೆ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ನಮ್ಮ ಆರ್‌ಸಿಬಿ ರನ್‌ರೇಟ್ ಮೇಲೆ ಚೆನ್ನೈನ ಹಿಂದೆ ಹಾಕಿ ಒಳಗೆ ಹೋಯ್ತಲ್ಲ, ಅವತ್ತು ಯಾವ ಕಮಿಟಿಯ ಅಭಿಪ್ರಾಯಾನೂ ಬೇಕಾಗಿರಲಿಲ್ಲ. ಇಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಹೆಚ್ಚು ಕಾಲೇಜು ಟೀಮ್ ಇವೆ. ಒಂದೊಂದಕ್ಕೆ ಸಿಗೋದು ಸುಮಾರು 12 ಮ್ಯಾಚ್. ಎಲ್ಲರೂ ಎಲ್ಲರ ಜೊತೆ ಆಡೋಕೆ ಸಾಧ್ಯಾನೇ ಇಲ್ಲ. ಹಾಗಾಗಿ ಒಂದು ಸಮಿತಿ ಕೂತು ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಮಾಡುತ್ತೆ. 2014ಕ್ಕೆ ಮೊದಲು ಎರಡೇ ಟೀಮಿಗೆ ಜಾಗ ಇತ್ತು. ಆಮೇಲೆ ಹತ್ತು ವರ್ಷ ನಾಲ್ಕಕ್ಕೆ. 2024ರಿಂದ ಹನ್ನೆರಡಕ್ಕೆ.

ಎರಡನೇ ಫೋಟೋದಲ್ಲಿ ಬೆನ್ನು ಹಾಕಿ ಅನ್ನಕ್ಕಿಡ್ತಿರೋನು ನನ್ನ ರೂಮ್‌ಮೇಟ್. ಹುಬ್ಬಳ್ಳಿಯವನು. ಹೆಸರು ಹಾಕಬೇಡ ಅಂದಿದ್ದಾನೆ. ಕೊಲಂಬಸ್‌ಗೆ ಬರೋ ಮೊದಲು ಎಂಎಸ್ ಮಾಡಿದ್ದು ಫ್ಲೋರಿಡಾದ ಟ್ಯಾಲಹಾಸಿಯಲ್ಲಿ. 2023ರಲ್ಲಿ ಅಲ್ಲಿನ ಫ್ಲೋರಿಡಾ ಸ್ಟೇಟ್ ಟೀಮ್ 13ಕ್ಕೆ 13 ಗೆದ್ದು, ತನ್ನ ಲೀಗಿನ ಚಾಂಪಿಯನ್ನೂ ಆಗಿತ್ತು. ಆದ್ರೆ ನವೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲು ಮುರಿದಿತ್ತು. ಡಿಸೆಂಬರ್ 3ಕ್ಕೆ ನಾಲ್ಕು ಹೆಸರು ಹೊರಬಂತು: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಕೊನೆಯ ಎರಡೂ ಒಂದೊಂದು ಸೋತು ಬಂದಿದ್ದವು. ಒಂದೂ ಸೋಲದವರು ಹೊರಗೆ! ಟ್ರಾವಿಸ್ ಇಲ್ಲದ ಟೀಮ್ ಮೊದಲಿನ ಟೀಮ್ ಅಲ್ಲ ಅನ್ನೋದು ಸಮಿತಿಯ ಸಮಜಾಯಿಷಿ. ಆ ಹುಡುಗ ಅವತ್ತು, ನನ್ನ ಕಾಲು ಇನ್ನೂ ಮೊದಲೇ ಮುರಿಯಬೇಕಿತ್ತು, ಆಗ ಈ ಟೀಮ್ ನನ್ನೊಬ್ಬನದಲ್ಲ ಅಂತ ನಿಮಗೆ ಕಾಣ್ತಿತ್ತು ಅನ್ನೋ ಅರ್ಥದಲ್ಲಿ ಪೋಸ್ಟ್ ಹಾಕಿದ. ಒಬ್ಬ ಆಟಗಾರ ತನ್ನ ಕಾಲಿನ ಬಗ್ಗೆ ಹೀಗೆ ಬರೀಬೇಕಾ ಹೇಳಿ.

ನಿಜ ಹೇಳ್ತೀನಿ, ಆಗ ನಂಗೆ ಏನೂ ಅನ್ನಿಸಿರಲಿಲ್ಲ. ನಾನು ನಾಲ್ಕರ ಕಡೆಯವನು. ಒಂದು ಶನಿವಾರ ಸೋತ್ರೆ ವರ್ಷಾನೇ ಹೋಯ್ತು ಅನ್ನೋ ಭಯ ಇರೋದಕ್ಕೇ ಈ ಆಟಕ್ಕೆ ಇಷ್ಟು ಮಜಾ ಅಂತ ವಾದ ಮಾಡ್ತಿದ್ದೆ. ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಅದೇ ಫ್ಲೋರಿಡಾ ಸ್ಟೇಟ್‌ನ 63-3ರಲ್ಲಿ ಹೊಡೆದದ್ದನ್ನ ತೋರಿಸಿ ಇವನನ್ನ ಕಾಡಿಸಿದ್ದೂ ಉಂಟು. ಎಷ್ಟೋ ಜನ ಮುಖ್ಯ ಆಟಗಾರರು ಆ ಮ್ಯಾಚ್ ಆಡಿರಲೇ ಇಲ್ಲ. ಅವನ ಉತ್ತರ: "ಊಟಕ್ಕ ಕರೀಲಾರದ ಹೊರಗ ನಿಂದ್ರಿಸಿ, ಆಮ್ಯಾಲ ಇವ್ರಿಗೆ ಹಸಿವಿದ್ದಿಲ್ಲ ಅಂದ್ರ ಹೆಂಗಲೇ?"

2024ರ ಅಕ್ಟೋಬರ್. ಇದನ್ನ ನಿಮಗ್ಯಾರಿಗೂ ಹೇಳಿರಲಿಲ್ಲ. ನನ್ನ ಪಿಎಚ್‌ಡಿ ಕ್ವಾಲಿಫೈಯರ್ ಪರೀಕ್ಷೆಯಲ್ಲಿ ಫೇಲಾದೆ. ಇರೋದು ಎರಡೇ ಅವಕಾಶ, ಎರಡನೇದು ಜನವರಿಗೆ. ಅದೂ ಹೋದ್ರೆ ಗಂಟುಮೂಟೆ ಕಟ್ಟಿ ತುಮಕೂರಿಗೆ. ಅಮ್ಮ ವಿಡಿಯೋ ಕಾಲ್‌ನಲ್ಲಿ "ಪರೀಕ್ಷೆ ಏನಾಯ್ತಪ್ಪಾ?" ಅಂದ್ರು. "ಆಯ್ತಮ್ಮ" ಅಂದೆ. ಸುಳ್ಳಲ್ಲ ತಾನೇ, ಪರೀಕ್ಷೆ ಆಗಿತ್ತು.

ಅದೇ ಅಕ್ಟೋಬರ್‌ನಲ್ಲಿ ನಮ್ಮೂರಿನ ಓಹಾಯೋ ಸ್ಟೇಟ್ ಆರೆಗನ್ ಎದುರು 32-31ರಲ್ಲಿ, ಒಂದೇ ಒಂದು ಪಾಯಿಂಟಲ್ಲಿ ಸೋತಿತ್ತು. ಸರಿ, ಒಂದು ತಾನೇ. ನವೆಂಬರ್ 30ಕ್ಕೆ ಬದ್ಧವೈರಿ ಮಿಷಿಗನ್ ಬಂತು. ಆ ವರ್ಷ ಆರು ಗೆದ್ದು ಐದು ಸೋತು ಏದುಸಿರು ಬಿಡ್ತಿದ್ದ ಮಿಷಿಗನ್. ನಮ್ಮ ಮನೆಯಂಗಳದಲ್ಲೇ 13-10ರಲ್ಲಿ ಹೊಡೆದು, ಮೈದಾನದ ಮಧ್ಯ ಬಾವುಟ ನೆಡೋಕೆ ಹೋದ್ರು. ಹೊಡೆದಾಟ ಆಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದ್ರು. ಮನೆಗೆ ನಡ್ಕೊಂಡು ಬರೋವಾಗ ರಸ್ತೆಯಲ್ಲಿ ಸಾವಿನ ಮನೆ ಮೌನ.

ಈಗ ನನ್ನ ಫಜೀತಿ ನೋಡಿ. ನಾಲ್ಕರ ಕಾಲದ ಹತ್ತೂ ವರ್ಷದಲ್ಲಿ ಎರಡು ಸೋಲು ಇಟ್ಕೊಂಡು ಒಂದು ಟೀಮೂ ಒಳಗೆ ಹೋಗಿಲ್ಲ. ನಾನು ಎದೆ ತಟ್ಟಿ ಹೇಳ್ತಿದ್ದ ನಿಯಮದ ಪ್ರಕಾರ ಓಹಾಯೋ ಸ್ಟೇಟ್ ಕಥೆ ಮುಗೀತು. ಆದ್ರೆ ಅದೇ ವರ್ಷ ಜಾಗ ಹನ್ನೆರಡಾಗಿತ್ತು, ಎಂಟನೇ ಸೀಡ್ ಆಗಿ ಒಳಗೆ ಬಂತು. ಹುಬ್ಬಳ್ಳಿ ಮಹಾಶಯ ಬಾಗಿಲಿಗೆ ಒರಗಿ ನಿಂತು, "ಈಗ ಹೇಳಲೇ, ನಾಲ್ಕ ಸಾಕೇನು?" ಅಂದ. ನಾನು ಪುಸ್ತಕ ತೆಗೆದು ಕೂತೆ.

ಮೊದಲನೇ ಫೋಟೋ ಡಿಸೆಂಬರ್ 21ರದ್ದು. ಸೊನ್ನೆಗಿಂತ ಕೆಳಗಿನ ಚಳಿ, ಲೇನ್ ಅವೆನ್ಯೂನಲ್ಲಿ ಎಲ್ಲಿ ನೋಡಿದ್ರೂ ಟೆನೆಸಿಯವರ ಕಿತ್ತಳೆ ಜಾಕೆಟ್. ಪ್ಲೇಆಫ್ ಮ್ಯಾಚ್ ಕಾಲೇಜಿನ ಸ್ವಂತ ಮೈದಾನದಲ್ಲಿ ನಡೆದದ್ದು ಆ ವರ್ಷವೇ ಮೊದಲು. ಟಿಕೆಟ್ ದುಡ್ಡು ನಮ್ಮ ಸ್ಟೈಪೆಂಡ್‌ಗೆ ಎಟುಕೋದಲ್ಲ, ಮನೇಲೇ ಟಿವಿ ಹಾಕಿದ್ವಿ. ಟಿವಿ ಕೆಲವು ಸೆಕೆಂಡ್ ತಡ. ಅದಕ್ಕೇ ಕಿಟಕಿಯಾಚೆ ಒಂದು ಲಕ್ಷ ಜನರ ಕೂಗು ಮೊದಲು ಬರ್ತಿತ್ತು, ಟಚ್‌ಡೌನ್ ಆಮೇಲೆ ಕಾಣ್ತಿತ್ತು. ಮೊದಲ ಕ್ವಾರ್ಟರ್‌ಗೇ 21-0. ಕೊನೆಗೆ 42-17. ಆಮೇಲೆ ಆರೆಗನ್, ಟೆಕ್ಸಸ್, ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ನೋಟರ್ ಡೇಮ್. ಎರಡು ಸಲ ಸೋತವರು ಚಾಂಪಿಯನ್.

ಅದೇ ತಿಂಗಳು ನಾನೂ ಪಾಸಾದೆ. ಅಮ್ಮನಿಗೆ ಫೇಲು, ಪಾಸು ಎರಡನ್ನೂ ಒಟ್ಟಿಗೇ ಹೇಳಿದೆ. "ನಂಗೆ ಅವತ್ತೇ ಗೊತ್ತಾಗಿತ್ತು ಕಣೋ, ಫೋನಿಡೋವಾಗ ಊಟಕ್ಕೇನು ಅಂತ ನೀನು ಕೇಳ್ಲಿಲ್ಲ" ಅಂದ್ರು.

ಇಲ್ಲಿಗೆ ನಿಲ್ಲಿಸಿದ್ರೆ ಒಳ್ಳೇ ರೀಲ್ ಆಗುತ್ತೆ. ಆದ್ರೆ ಆರೆಗನ್ ಕಥೆ ನುಂಗಿಬಿಟ್ರೆ ಮೋಸ. ಆರೆಗನ್ ಆ ವರ್ಷ 13ಕ್ಕೆ 13 ಗೆದ್ದಿತ್ತು, ಓಹಾಯೋ ಸ್ಟೇಟ್‌ನ ಒಮ್ಮೆ ಸೋಲಿಸೂ ಇತ್ತು. ರೋಸ್ ಬೌಲ್‌ನಲ್ಲಿ ಅದೇ ಓಹಾಯೋ ಸ್ಟೇಟ್ ಎದುರು 41-21ರಲ್ಲಿ ಒಂದೇ ಒಂದು ಸಲ ಸೋತು ಮನೆಗೆ ಹೋಯ್ತು. ನಮಗೆ ಸಿಕ್ಕ ಎರಡನೇ ಅವಕಾಶದ ಬಿಲ್ಲು ಅವರು ಕಟ್ಟಿದ್ರು. ನನ್ನ ಕ್ವಾಲಿಫೈಯರ್‌ನಲ್ಲಿ ಹಾಗೆ ಯಾರೂ ಕಟ್ಟಲಿಲ್ಲ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ ಅಂತ ಈಗ ಅನ್ಸುತ್ತೆ. ಮೊದಲ ಸುತ್ತು ಆಡದೆ ಆರಾಮಾಗಿ ಕೂತಿದ್ದ ನಾಲ್ಕೂ ಟೀಮ್‌ಗಳು ಆ ವರ್ಷ ಮೊದಲ ಮ್ಯಾಚಲ್ಲೇ ಔಟ್, ಅದು ಬೇರೆ.

ಈಗ 16 ಮಾಡಿ, 24 ಮಾಡಿ ಅನ್ನೋ ಚರ್ಚೆ ಯಾಕೆ? ಟಿವಿ. 2026ರಿಂದ ಶುರುವಾಗೋ ಆರು ವರ್ಷದ ಪ್ರಸಾರದ ಹಕ್ಕಿಗೆ ಇಎಸ್‌ಪಿಎನ್ ಕೊಡ್ತಿರೋದು 7.8 ಬಿಲಿಯನ್ ಡಾಲರ್. ಮ್ಯಾಚ್ ಜಾಸ್ತಿ ಆದ್ರೆ ಮಾರೋದಕ್ಕೂ ಜಾಸ್ತಿ. ಆ ಸೀಸನ್‌ನಲ್ಲಿ ಓಹಾಯೋ ಸ್ಟೇಟ್ ಹುಡುಗರು ಆಡಿದ್ದು 16 ಮ್ಯಾಚ್. ನಮ್ಮದೇ ವಯಸ್ಸಿನವರು. ಪ್ರತಿ ಮ್ಯಾಚ್‌ನಲ್ಲೂ ಡಿಕ್ಕಿ ತಿನ್ನೋದು ಅವರ ಮಂಡಿ, ಅವರ ತಲೆ.

ರೂಮ್‌ಮೇಟ್ 16ರ ಕಡೆ. ಅವನ ಹತ್ರ ಗಟ್ಟಿ ಅಸ್ತ್ರ ಇದೆ: 2025ರ ಮಯಾಮಿ. ಅವರೂ, ನೋಟರ್ ಡೇಮೂ 10 ಗೆದ್ದು 2 ಸೋತಿದ್ರು. ಆಗಸ್ಟ್‌ನಲ್ಲಿ ಮಯಾಮಿ 27-24ರಲ್ಲಿ ಅವರನ್ನೇ ಸೋಲಿಸಿತ್ತು, ಆದರೂ ಸಮಿತಿ ಕೊನೇ ದಿನದವರೆಗೂ ಮಯಾಮಿಯನ್ನ ಕೆಳಗೇ ಇಟ್ಟಿತ್ತು. ಕೊನೆಗೆ ಹತ್ತನೇ ಸೀಡ್ ಆಗಿ ಕಷ್ಟಪಟ್ಟು ಒಳಗೆ ಬಂದ ಮಯಾಮಿ ನೇರ ಫೈನಲ್‌ಗೇ ಹೋಯ್ತು. "ಹತ್ತನೇದವ್ರು ಫೈನಲ್ ಮುಟ್ಟಿದ್ರ, ಹದಿನಾರನೇದವ್ರು ಯಾಕ ಮುಟ್ಟಬಾರ್ದು?" ಅಂತಾನೆ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

ಆದ್ರೂ ನನ್ನ ವೋಟು 12ಕ್ಕೇ. ಫ್ಲೋರಿಡಾ ಸ್ಟೇಟ್ ಏನೂ ಸೋಲದೆ ಹೊರಗೆ ನಿಂತಿತ್ತು. ಆ ಅನ್ಯಾಯಕ್ಕೆ ಹನ್ನೆರಡು ಕುರ್ಚಿ ಧಾರಾಳ ಸಾಕು. 2025ರಲ್ಲಿ ಹೊರಗುಳಿದ ನೋಟರ್ ಡೇಮ್‌ಗೆ ಬೇಜಾರಾಗಿದ್ದು ಸಹಜ, ಆದ್ರೆ ಆ ಎರಡು ಮ್ಯಾಚ್ ಅವರ ಕೈಯಲ್ಲೇ ಇತ್ತು. 24 ಮಾಡಿದ್ರೆ 25ನೇಯವರು ಅಳ್ತಾರೆ. ಮಿಷಿಗನ್ ಮ್ಯಾಚ್ ದಿನ ರಸ್ತೆಯಲ್ಲಿ ಯಾರೂ ಅಳಲ್ಲ. ನಂಗೆ ಆ ಮೌನ ಬೇಕು, ಬೈಕೊಳ್ಳಿ ಪರವಾಗಿಲ್ಲ.

ಪೋಲ್ ಮತ್ತೆ ಹಾಕಿದೀನಿ, ಈ ಸಲ 16ನೂ ಸೇರಿಸಿದೀನಿ, ಅವನ ಕಾಟಕ್ಕೆ. ಕುಕ್ಕರ್ ಮೂರನೇ ವಿಷಲ್ ಹಾಕ್ತು, ಹೋಗ್ತೀನಿ.