ಪ್ಲೂಟೊ ದಾಟಿ ಜಿಮ್ಮಿಯ ಊರಿಗೆ

ಶೌಚಾಲಯ ಹುಡುಕಿಕೊಂಡು ಕಾರಿನಿಂದ ಇಳಿದವಳಿಗೆ ಪ್ಲೂಟೊ ಸಿಕ್ಕಿತು. ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಹೌಲ್ಟನ್ ಅಂತ ಒಂದು ಊರು. ಅಲ್ಲಿನ ಪ್ರವಾಸಿ ಮಾಹಿತಿ ಕೇಂದ್ರದೊಳಗೆ ಗೋಲಿಗಿಂತ ತುಸು ದೊಡ್ಡ ಗುಂಡೊಂದನ್ನು ಇಟ್ಟಿದ್ದಾರೆ. ಅದೇ ಪ್ಲೂಟೊ! ಅಲ್ಲಿಂದ ಪ್ರೆಸ್ಕ್ ಐಲ್‌ವರೆಗಿನ 40 ಮೈಲಿ ಹೆದ್ದಾರಿಯೇ ಸೌರಮಂಡಲ. ಭೂಮಿಗೂ ಸೂರ್ಯನಿಗೂ ಇರುವ ದೂರ ಇಲ್ಲಿ ಒಂದು ಮೈಲಿ. ರಸ್ತೆ ಪಕ್ಕದ ಕಂಬಗಳ ಮೇಲೆ ಒಂದೊಂದು ಗ್ರಹ.

"ಸೂರ್ಯನ ಕಡೆಗೇ ಹೋಗ್ತಿದೀವಿ ಅಮ್ಮಾ" ಅಂದ, ಕಾರು ಓಡಿಸುತ್ತಿದ್ದ ಮಗ.

ನೆಪ್ಚೂನ್ ಆದಮೇಲೆ ಎಷ್ಟು ಹೊತ್ತಾದರೂ ಏನೂ ಇಲ್ಲ. ಕೆಂಪಾದ ಮೇಪಲ್ ಮರಗಳು, ಆಲೂಗಡ್ಡೆ ಹೊಲಗಳು, ಅರ್ಧ ಮಣ್ಣಿನೊಳಗೆ ಹೂತಂತಿರುವ ಆಲೂಗಡ್ಡೆ ಕಣಜಗಳು. ಕೊಯ್ಲಿನ ಕಾಲದಲ್ಲಿ ಇಲ್ಲಿನ ಕೆಲವು ಹೈಸ್ಕೂಲುಗಳಿಗೆ ರಜೆಯನ್ನೇ ಕೊಡುತ್ತಾರಂತೆ. ಗುರು ಗ್ರಹ ಬಂದಾಗ ನಾನು ಕಾರು ನಿಲ್ಲಿಸು ಅಂದೆ. ನನ್ನಷ್ಟೇ ಎತ್ತರದ ಪಟ್ಟೆಪಟ್ಟೆ ಗುಂಡು, ಅದರ ಹಿಂದೆ ಧೂಳೆಬ್ಬಿಸುತ್ತ ಗಡ್ಡೆ ಕೀಳುವ ಯಂತ್ರ. ಗುರುಬಲ ಅಂದರೆ ಇದೇ ಇರಬೇಕು ಅಂತ ಒಂದು ಫೋಟೊ ತೆಗೆಸಿಕೊಂಡೆ.

ನಾವು ಹೊರಟಿದ್ದು ಬಾಸ್ಟನ್‌ನಿಂದ 600 ಕಿಲೋಮೀಟರಿಗೂ ದೂರದ ನ್ಯೂ ಸ್ವೀಡನ್‌ಗೆ. 1870ರಲ್ಲಿ ಸ್ವೀಡನ್‌ನಿಂದ ಬಂದ 51 ಜನ ಕಾಡು ಕಡಿದು ಕಟ್ಟಿದ ಊರು ಅದು. ಐನಾರ್ ಗುಸ್ತಾಫ್ಸನ್ ಅಲ್ಲಿಯ ರೈತರ ಮಗ. ಹುಡುಗನಾಗಿದ್ದಾಗ ಕರುಳಿನಲ್ಲಿ ಲಿಂಫೋಮಾ ಆಗಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆ ಸೇರಿದ. ರಕ್ತದ ಕ್ಯಾನ್ಸರ್‌ಗಳ ಕುಲಕ್ಕೇ ಸೇರಿದ ಕಾಯಿಲೆ. ಡಾಕ್ಟರ್ ಸಿಡ್ನಿ ಫಾರ್ಬರ್ ಅವನ ಗುರುತು ಮರೆಸಲು 'ಜಿಮ್ಮಿ' ಅಂತ ಹೆಸರಿಟ್ಟರು. 1948ರ ಮೇ 22ರಂದು ರೇಡಿಯೊ ಕಾರ್ಯಕ್ರಮವೊಂದು ಅವನ ಮಂಚದ ಬಳಿಗೇ ಬಂತು. ಬಾಸ್ಟನ್ ಬ್ರೇವ್ಸ್ ತಂಡದ ಬೇಸ್‌ಬಾಲ್ ಆಟಗಾರರು ಕೋಣೆಯೊಳಗೆ ಬಂದು ನಿಂತರು, ಹುಡುಗ ಅವರ ಜೊತೆ ರಾಗ ತಪ್ಪಿ ಹಾಡಿದ. ಆಟ ನೋಡಲು ಅವನಿಗೊಂದು ಟಿವಿ ಬೇಕಿತ್ತು. 20,000 ಡಾಲರ್ ಕೂಡಿದರೆ ಟಿವಿ ಅಂದರು. ಕೂಡಿದ್ದು 2,31,000ಕ್ಕೂ ಹೆಚ್ಚು. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಇವತ್ತಿಗೂ ಹಣ ಕೂಡಿಸುತ್ತಿರುವ ಜಿಮ್ಮಿ ಫಂಡ್ ಹುಟ್ಟಿದ್ದು ಹೀಗೆ.

ನಮಗೂ ಫಾರ್ಬರ್ ಅವರ ಋಣವಿದೆ. ಆ ರೇಡಿಯೊ ಕಾರ್ಯಕ್ರಮದ ಹಿಂದಿನ ವರ್ಷ, 1947ರಲ್ಲಿ, ಅವರು ಲುಕೇಮಿಯಾ ಆದ ಮಕ್ಕಳಿಗೆ ಕೊಡಲು ಶುರುಮಾಡಿದ ಅಮಿನಾಪ್ಟೆರಿನ್ ಔಷಧ ತಯಾರಾದದ್ದು ತೆಲುಗು ನಾಡಿನ ಎಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದ ತಂಡದಿಂದ. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಕೆಲವು ತಿಂಗಳ ಮಟ್ಟಿಗೆ. ಅದರ ತಮ್ಮನಂಥ ಔಷಧವೇ ಮೆಥೋಟ್ರೆಕ್ಸೇಟ್. ಆರು ವರ್ಷದವನಿದ್ದಾಗ ನನ್ನ ಮಗನಿಗೆ ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಬಾಳೆಹಣ್ಣಿನಲ್ಲಿ ಹುದುಗಿಸಿ ನುಂಗಿಸುತ್ತಿದ್ದ ಹಳದಿ ಮಾತ್ರೆ ಅದು. ನೆಂಟರಿಗೆ ಮಾತ್ರ "ರಕ್ತ ಸ್ವಲ್ಪ ಕಮ್ಮಿ" ಅಂತ ಹೇಳಿದ್ದೆವು. ಹೋದ ಭಾನುವಾರ ಅವನು ಜಿಮ್ಮಿ ಫಂಡ್‌ಗಾಗಿ ಬಾಸ್ಟನ್ ಮ್ಯಾರಥಾನ್ ದಾರಿಯ 26 ಮೈಲಿಯನ್ನೂ ನಡೆದ. ಹಾಸನದಿಂದ ನಮ್ಮಣ್ಣ ಐದು ಸಾವಿರ ಕಳಿಸಿದ, ಜೊತೆಗೆ "ಯಾವ ಕಾಯಿಲೆ ಅಂತ ಎಲ್ಲೂ ಹಾಕ್ಬೇಡಿ" ಅಂತ ಒಂದು ಮೆಸೇಜು.

ಜಿಮ್ಮಿ ಎಂದೋ ತೀರಿಕೊಂಡಿದ್ದಾನೆ ಅಂತಲೇ ಬಹಳ ಜನ ನಂಬಿದ್ದರು. ಆ ಕಾಲದಲ್ಲಿ ಬೇರೇನು ತಾನೇ ಅಂದುಕೊಳ್ಳುವುದು? ಅವನೋ ಊರಿಗೆ ಮರಳಿ, ಬೆಳೆದು, ಮದುವೆಯಾಗಿ, ದೇಶದುದ್ದಕ್ಕೂ ಲಾರಿ ಓಡಿಸಿಕೊಂಡಿದ್ದ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೋದರಿ ಬರೆದ ಒಂದು ಪತ್ರದಿಂದ ಗುಟ್ಟು ಹೊರಬಿತ್ತು. 1998ರಲ್ಲಿ, ಐವತ್ತು ವರ್ಷದ ಮೇಲೆ, ಜಿಮ್ಮಿ ತಾನೇ ಅಂತ ಬಾಸ್ಟನ್‌ಗೆ ಬಂದು ನಿಂತ. 2001ರಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡಾಗ ಅವನಿಗೆ 65 ವರ್ಷ.

ನ್ಯೂ ಸ್ವೀಡನ್ ಸಿಕ್ಕಿದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ಅಷ್ಟು ಚಿಕ್ಕದು. ಹಿಂದಿರುಗಿ ಬಂದು ರಸ್ತೆ ಬದಿಯ ಆಲೂಗಡ್ಡೆ ಅಂಗಡಿಯ ಮುಂದೆ ನಿಲ್ಲಿಸಿದೆವು. ಕಾಗದದ ಚೀಲಗಳು, ತಕ್ಕಡಿ, ಉಗುರಿನ ಸಂದಿಯಲ್ಲಿ ಮಣ್ಣು ಮೆತ್ತಿದ ಒಬ್ಬ ಮುದುಕ. ಇಷ್ಟು ದೂರ ಯಾಕೆ ಬಂದಿರಿ ಅಂತ ಕೇಳಿದ. ಫಾಲ್ ಎಲೆಗಳ ಬಣ್ಣ ನೋಡೋಕೆ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ಹೇಳಿಬಿಟ್ಟ: "ಜಿಮ್ಮಿಯ ಊರು ನೋಡೋಕೆ. ಚಿಕ್ಕವನಿದ್ದಾಗ ನನಗೂ ರಕ್ತದ ಕ್ಯಾನ್ಸರ್ ಆಗಿತ್ತು."

ಗುರುತಿಲ್ಲದವರ ಮುಂದೆ ಅವನು ಆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಈಗ ಗಟ್ಟಿಯಾಗಿದ್ದೀಯಲ್ಲ. ನನಗೆ ಸೊಂಟ ನೋವು, ಚೀಲ ನೀನೇ ಎತ್ತಿಕೋ."

ಐವತ್ತು ಪೌಂಡಿನ ಚೀಲ. "ಏಯ್, ಭಾರ ಎತ್ಬೇಡ ಕಣೋ" ಅನ್ನುವಷ್ಟರಲ್ಲಿ ಅದು ಅವನ ಹೆಗಲ ಮೇಲಿತ್ತು. ಡಿಕ್ಕಿ ತೆಗೆಯಲು ನಾನು ಕೀ ಹುಡುಕತೊಡಗಿದೆ.