ಸಹಿಗೆ ಮುಂಚಿನ ಪ್ರಶ್ನೆ

2025ರ ಸೆಪ್ಟೆಂಬರ್ 25, ಗುರುವಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಸಿಎ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಪ್ರಿಂಟರಿನ ಸದ್ದು ಕೇಳುತ್ತದೆ. ಒಳಗೆ ಕಾಲಿಡಲು ಜಾಗ ಹುಡುಕಬೇಕು. ನೆಲದ ಮೇಲೆ ದಾರ ಕಟ್ಟಿದ ಫೈಲುಗಳು, ಬಿಲ್ಲು ತುಂಬಿದ ಬಟ್ಟೆಯಂಗಡಿ ಕವರುಗಳು, ಟ್ಯಾಲಿ ಬ್ಯಾಕಪ್ಪಿನ ಪೆನ್‌ಡ್ರೈವ್‌ಗಳು. ಕಿಟಕಿಯ ಪಕ್ಕದಲ್ಲಿ ಸಿಎ ತರಬೇತಿಯ ಆರ್ಟಿಕಲ್ ಹುಡುಗಿ ಫೋನು ಕಿವಿಗಿಟ್ಟುಕೊಂಡೇ ಟೈಪ್ ಮಾಡುತ್ತಿದ್ದಾಳೆ. “ಅಣ್ಣಾ, ಓಟಿಪಿ ಬಂತಾ? ಬೇಗ ಹೇಳ್ರಿ, ಟೈಮ್ ಔಟ್ ಆಗುತ್ತೆ.” ಆ ಕಡೆಯವರು ಹೇಳುವಷ್ಟರಲ್ಲಿ ಟೈಮ್ ಔಟ್ ಆಗಿಯೇ ಬಿಡುತ್ತದೆ. ಅವಳು ಮತ್ತೆ ಮೊದಲಿಂದ ಶುರು ಮಾಡುತ್ತಾಳೆ.

ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ತಿಂಗಳ ತುಂಬ ಕೆಂಪು ಗುರುತು. ಆಡಿಟ್ ಬೇಡದವರ ಆದಾಯ ತೆರಿಗೆ ರಿಟರ್ನ್‌ಗೆ 15 ಕೊನೆಯ ದಿನವಾಗಿತ್ತು. ಆ ರಾತ್ರಿ ಗಡುವು ಇನ್ನೊಂದೇ ದಿನ ಮುಂದೆ ಹೋಯಿತು. 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿ. 22ಕ್ಕೆ ಜಿಎಸ್‌ಟಿಯ ಹೊಸ ದರಗಳು ಬಂದವು. ಅಂಗಡಿಯವರೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸುವುದು ಹೇಗೆಂದು ಕೇಳಿದ್ದೂ ಇಲ್ಲಿಗೇ ಫೋನು ಮಾಡಿ. ಇನ್ನು 30ಕ್ಕೆ ಟ್ಯಾಕ್ಸ್ ಆಡಿಟ್ ವರದಿ. ಮರುದಿನವೇ ಆಯುಧಪೂಜೆ. ಇವುಗಳಲ್ಲಿ ಯಾವುದೂ ಗೊತ್ತಿಲ್ಲದ ಕೆಲಸವಲ್ಲ. ಆದರೆ ಎಲ್ಲವೂ ಒಂದೇ ಹದಿನೈದು ದಿನದಲ್ಲಿ, ಅವೇ ನಾಲ್ಕು ಜನರ ತಲೆ ಮೇಲೆ ಬಂದು ಬಿದ್ದಿವೆ.

ಒಳಕೋಣೆಯಲ್ಲಿ ಆಡಿಟರ್ ಮೇಡಂ ಮುಂದೆ ಅಕ್ಕಿ ಗಿರಣಿಯ ಸಾಹುಕಾರರು ಕುಳಿತಿದ್ದಾರೆ. ರೈತರಿಗೆ ನಗದು ಕೊಟ್ಟೇ ವ್ಯವಹಾರ ಮಾಡುವುದರಿಂದ ನಗದು ಕಡಿಮೆ ಬಳಸುವವರಿಗೆ ಆಡಿಟ್‌ನಿಂದ ವಿನಾಯಿತಿ ಕೊಡುವ 10 ಕೋಟಿಯ ಮಿತಿ ಅವರಿಗೆ ಸಿಗುವುದಿಲ್ಲ. ವಹಿವಾಟು 1 ಕೋಟಿ ದಾಟಿದ್ದಕ್ಕೇ ಆಡಿಟ್ ಆಗಬೇಕು. “ಎಲ್ಲಾ ಸರಿ ಐತ್ರಿ ಮೇಡಂ, ಸಹಿ ಹಾಕಿಬಿಡ್ರಿ. ಬ್ಯಾಂಕಿನವರು ಕೇಳಾಕತ್ಯಾರ,” ಎನ್ನುತ್ತಾರೆ ಸಾಹುಕಾರರು.

ಮೇಡಂ ಪೆನ್ನು ಎತ್ತುವುದಿಲ್ಲ. ಆಡಿಟ್ ವರದಿಯ 3ಸಿಡಿ ನಮೂನೆಯಲ್ಲಿ ಸರಕಿನ ಲೆಕ್ಕ ಕೊಡುವ ಜಾಗದಲ್ಲಿ ಅವರ ಬೆರಳು ನಿಂತಿದೆ. ಅರೆದ ಭತ್ತ 10,000 ಕ್ವಿಂಟಲ್. ನುಚ್ಚೂ ಸೇರಿ ಬಂದ ಅಕ್ಕಿ 6,200. ಅಂದರೆ ನೂರಕ್ಕೆ 62. ಇದೇ ಗಿರಣಿ ಹಿಂದಿನ ವರ್ಷಗಳಲ್ಲಿ ಕೊಟ್ಟದ್ದು 66.

“ಯಾಕ್ ಸಾಹುಕಾರ್ರೆ, ಇಷ್ಟು ಕಮ್ಮಿ?”

“ಭತ್ತ ಹಸಿ ಇತ್ರಿ.”

“ಕರೆಂಟ್ ಬಿಲ್ ತಂದೀರೇನು?”

ಬಿಲ್ಲುಗಳು ಬರುತ್ತವೆ. ಅಷ್ಟು ಭತ್ತ ಅರೆಯಲು ಬೇಕಾದಷ್ಟು ಯೂನಿಟ್ ಉರಿದಿಲ್ಲ. ಮೇಡಂ ಲಾರಿಯ ತೂಕದ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡುತ್ತಾರೆ. ಮಾರ್ಚ್ ಕೊನೆಯ ವಾರದ ಮೂರು ಲಾರಿ, ಒಟ್ಟು 600 ಕ್ವಿಂಟಲ್, ಗಿರಣಿಯಲ್ಲಿ ಇಳಿದೇ ಇಲ್ಲ. ಹರಿಹರದ ಬಾಡಿಗೆ ಗೋದಾಮಿನಲ್ಲಿ ಇಳಿದಿವೆ. ಗುಮಾಸ್ತರು ಅದನ್ನೂ ಅರೆದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. 9,400 ಕ್ವಿಂಟಲ್ ಅರೆದದ್ದು ಅಂದುಕೊಂಡರೆ ಇಳುವರಿ ಹೆಚ್ಚುಕಮ್ಮಿ 66ಕ್ಕೆ ಬಂದು ಕೂರುತ್ತದೆ. ಕ್ವಿಂಟಲಿಗೆ 2,300 ರೂಪಾಯಿ ಹಿಡಿದರೂ 13.8 ಲಕ್ಷದ ದಾಸ್ತಾನು ಪುಸ್ತಕದಲ್ಲಿ ಇರಲಿಲ್ಲ. ಅಷ್ಟೇ ಲಾಭವೂ ಇರಲಿಲ್ಲ. ಸಾಹುಕಾರರ ಮುಖ ಸಪ್ಪಗಾಗುತ್ತದೆ. ತೆರಿಗೆ ಹೆಚ್ಚಾಯಿತು, ನಿಜ. ಆದರೆ ನಾಳೆ ಇದನ್ನೇ ಅಧಿಕಾರಿ ಹಿಡಿದಿದ್ದರೆ ದಂಡವೂ ಸೇರುತ್ತಿತ್ತು.

ಈ ಒಂದು ಪ್ರಶ್ನೆಗೆ ಹಿಡಿದದ್ದು ಎರಡೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ಹೊರಗಡೆ ಐದು ಫೈಲು ಅಪ್‌ಲೋಡ್ ಆಗುತ್ತಿದ್ದವು. ಈ ವೃತ್ತಿಯ ಇವತ್ತಿನ ಸಂಕಟ ಇದೇ. ಪ್ರತಿ ವರ್ಷ ಹೊಸ ಕಲಮು ಸೇರುತ್ತದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಟ್ಟಿದ್ದಾರೆಯೇ ಎಂದು ಗೋಣಿಚೀಲದವನ ಬಿಲ್ಲಿನವರೆಗೂ ನೋಡಬೇಕು. ಕಂಪನಿಗಳ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ ಉಳಿದಿದೆಯೇ ಎಂದು ವರದಿ ಕೊಡಬೇಕು. ಸಹಿ ಹಾಕಿದ ಪ್ರತಿ ವರದಿಗೂ ಅಂಕಿ-ಅಕ್ಷರ ಸೇರಿ 18 ಸ್ಥಾನಗಳ ಗುರುತು ಸಂಖ್ಯೆ ಯುಡಿಐಎನ್ ತೆಗೆಯಬೇಕು. ಇವೆಲ್ಲ ಒಳ್ಳೆಯ ಉದ್ದೇಶಕ್ಕೇ ಬಂದವು. ಬಾಕ್ಸು ತುಂಬುವ ಕೆಲಸ ಹೆಚ್ಚಿತು, ನೋಡುವ ಹೊತ್ತು ಹೆಚ್ಚಲಿಲ್ಲ. ವರದಿಯಲ್ಲಿ ತಪ್ಪು ಮಾಹಿತಿ ಇದ್ದರೆ ಒಂದೊಂದು ವರದಿಗೆ 10,000 ರೂಪಾಯಿ ದಂಡ ಬೀಳುವುದು ಸಹಿ ಹಾಕಿದವರ ಮೇಲೆಯೇ.

ಮಧ್ಯಾಹ್ನದ ನಂತರ ಎಲ್ಲರ ಮೊಬೈಲೂ ಒಟ್ಟಿಗೇ ಸದ್ದು ಮಾಡುತ್ತವೆ. ಗಡುವು ಮುಂದೂಡಬೇಕೆಂದು ಸಿಎ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದ್ದವು. ಈಗ ನೇರ ತೆರಿಗೆ ಮಂಡಳಿ ಆಡಿಟ್ ವರದಿಯ ಗಡುವನ್ನು ಅಕ್ಟೋಬರ್ 31ಕ್ಕೆ ಮುಂದೂಡಿದೆ. ಕಿಟಕಿಯ ಪಕ್ಕದ ಹುಡುಗಿ “ಹಬ್ಬಕ್ಕೆ ಊರಿಗೆ ಹೋಗಬಹುದಾ ಮೇಡಂ?” ಎಂದು ಕೇಳುತ್ತಾಳೆ. “ಹೋಗಿ ಬಾರಮ್ಮ, ಇವತ್ತೂ ಏಳಕ್ಕೇ ಹೊರಡು,” ಎನ್ನುತ್ತಾರೆ ಮೇಡಂ. 2024ರಲ್ಲಿ ಪುಣೆಯ ದೊಡ್ಡ ಸಂಸ್ಥೆಯೊಂದರಲ್ಲಿದ್ದ 26 ವರ್ಷದ ಸಿಎ ತೀರಿಕೊಂಡಾಗ ಕೆಲಸದ ಹೊರೆಯ ಬಗ್ಗೆ ಆಕೆಯ ತಾಯಿ ಬರೆದ ಪತ್ರವನ್ನು ದೇಶವೇ ಓದಿತ್ತು. ಅದನ್ನು ಓದಿದ ಯಾವ ಆಡಿಟರೂ ಮಕ್ಕಳನ್ನು ಮಧ್ಯರಾತ್ರಿಯವರೆಗೆ ಕೂರಿಸಬಾರದು.

ಕೊನೆ ಗಳಿಗೆಯಲ್ಲಿ ಸಿಕ್ಕ ತಿಂಗಳಿನಿಂದ ಉಸಿರಾಡಬಹುದು, ಯೋಜನೆ ಹಾಕಿಕೊಳ್ಳಲಾಗದು. ಆ ತಿಂಗಳು ಏಪ್ರಿಲ್‌ನಲ್ಲೇ ಗೊತ್ತಾಗಿದ್ದರೆ ಕೆಲಸ ಹಂಚಿಕೊಳ್ಳಬಹುದಿತ್ತು. ನಮೂನೆ, ಯುಟಿಲಿಟಿಗಳು ವರ್ಷದ ಮೊದಲ ದಿನವೇ ಸಿದ್ಧವಿರಲಿ. ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಗಡುವುಗಳು ಒಂದರ ಮೇಲೊಂದು ಬೀಳದಿರಲಿ. ವ್ಯಾಪಾರಸ್ಥರು ಲೆಕ್ಕವನ್ನು ತಿಂಗಳು ತಿಂಗಳು ಕೊಡಲಿ. ಫೀಸು ಚೌಕಾಶಿ ಮಾಡುವಾಗ ತಾವು ಕೊಳ್ಳುತ್ತಿರುವುದು ಸಹಿಯನ್ನಲ್ಲ, ಸಹಿಗೆ ಮುಂಚಿನ ಪ್ರಶ್ನೆಯನ್ನು ಎಂದು ತಿಳಿಯಲಿ. ಬ್ಯಾಂಕು ಸಾಲ ಕೊಡುವುದು, ಸರ್ಕಾರ ತೆರಿಗೆ ಲೆಕ್ಕ ಹಾಕುವುದು ಆ ಸಹಿಯನ್ನು ನಂಬಿ. ತೂಕದ ಚೀಟಿ ಹರಡಿ ನೋಡಲು ಎರಡೂವರೆ ಗಂಟೆ ಸಿಗದ ಕಚೇರಿಯಿಂದ ಆ ನಂಬಿಕೆಯನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.