ಆಗಮವೂ ಭೋಗವೂ

ದಾಂಪತ್ಯವು ಮುರಿದು ಇಬ್ಬರೂ ಬೇರೆ ಬೇರೆ ಮನೆ ಹಿಡಿಯುವಾಗ ಮಂಚ, ಕಪಾಟು, ಪಾತ್ರೆಪಡಗಗಳು ಹೇಗೋ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಮೋಟಾರು ಕಾರು ಹಾಗಲ್ಲ. ಅದನ್ನು ಎರಡು ಹೋಳು ಮಾಡಲಾಗದು. ನಿಲ್ಲಿಸಿಟ್ಟರೂ ಅದರ ಬೆಲೆ ಇಳಿಯುತ್ತಲೇ ಇರುವುದು. ಅದಕ್ಕಿಂತ ಮುಖ್ಯವಾಗಿ, ಬೀದಿಯವರೆಲ್ಲರೂ ಅದನ್ನು ನೋಡಿರುತ್ತಾರೆ. ಮನೆಯೊಳಗಿನ ಮಂಚ ಮಾಯವಾದರೆ ಯಾರೂ ಕೇಳರು. ಬಾಗಿಲ ಮುಂದಿನ ಕಾರು ಮಾಯವಾದರೆ ಹಾಲು ತರುವ ಹುಡುಗನೂ ಕೇಳುತ್ತಾನೆ.

ಶಿವಮೊಗ್ಗೆಯಲ್ಲಿ ಲೆಕ್ಕಶಾಸ್ತ್ರದ ಉಪನ್ಯಾಸಕಿಯಾಗಿರುವ ಒಬ್ಬಾಕೆಗೆ 2024ರಲ್ಲಿ ಈ ಪ್ರಸಂಗವು ಒದಗಿತು. ಮದುವೆಯಾದದ್ದು 2012ರಲ್ಲಿ, ಮಗಳಿಗೆ ಒಂಬತ್ತು ವರ್ಷ. ಗಂಡಹೆಂಡಿರು ಬೇರೆಯಾಗಿ ಒಂದು ವರ್ಷಕ್ಕೆ ಮೇಲಾಗಿದ್ದಿತು. ಒಬ್ಬರ ಮೇಲೊಬ್ಬರು ದೋಷಾರೋಪಣೆ ಮಾಡದೆ ಬೇರೆಯಾಗಬೇಕೆಂದು ಇಬ್ಬರೂ ನಿಶ್ಚಯಿಸಿದ್ದರು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿಸಿದ ಕಲಮೊಂದು ಇದಕ್ಕೆ ಎಡೆಮಾಡಿಕೊಟ್ಟಿದೆ: ಇಬ್ಬರೂ ಕೂಡಿ ಅರ್ಜಿ ಕೊಡುವುದು, ಆರು ತಿಂಗಳು ಕಾಯುವುದು, ಅನಂತರವೂ ಮನಸ್ಸು ತಿರುಗದಿದ್ದರೆ ವಿಚ್ಛೇದನ. ಆ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿತು. ಇದನ್ನು ಕಲಿಗಾಲದ ವಿಪರೀತವೆಂದು ಹಳಿಯುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಒಮ್ಮೆ ತೆರೆದು ನೋಡುವುದೊಳ್ಳೆಯದು. ಧರ್ಮವಿವಾಹಗಳಿಗೆ ಬಿಡುಗಡೆಯಿಲ್ಲವೆಂದು ಅವನು ವಿಧಿಸಿದನಾದರೂ, ಪರಸ್ಪರ ದ್ವೇಷವಿದ್ದಲ್ಲಿ ಉಳಿದ ವಿವಾಹಗಳಿಗೆ ಮೋಕ್ಷವುಂಟೆಂದನು. ಮೋಕ್ಷವೆಂಬ ಶಬ್ದವನ್ನೇ ಪ್ರಯೋಗಿಸಿದನು.

ಇನ್ನು ಕಾರಿನ ವಿಚಾರ. ಅದನ್ನು ಕೊಂಡದ್ದು 2021ರಲ್ಲಿ. ಬೆಲೆ 14 ಲಕ್ಷ ರೂಪಾಯಿ. ಮುಂಗಡವಾಗಿ 3 ಲಕ್ಷವನ್ನು ಗಂಡನು ಕೊಟ್ಟನು. ಉಳಿದ 11 ಲಕ್ಷ ಬ್ಯಾಂಕಿನ ಸಾಲ. ತಿಂಗಳಿಗೆ 17,700 ರೂಪಾಯಿಯ ಕಂತು ಆಕೆಯ ಸಂಬಳದಿಂದ ಹೋಗುತ್ತಿದ್ದಿತು. ನೋಂದಣಿ ಮಾತ್ರ ಗಂಡನ ಹೆಸರಿನಲ್ಲಿ. ಮನೆಯ ಯಜಮಾನನ ಹೆಸರಿನಲ್ಲಿರಲೆಂದು ಆಗ ಎಲ್ಲರೂ ಹೇಳಿದರು, ಆಕೆಯೂ ಹೇಳಿದಳು. ಕಾಲೇಜಿಗೆ, ಮಗಳ ಶಾಲೆಗೆ, ಸಂತೆಗೆ ಅದನ್ನು ಓಡಿಸಿದವಳು ಆಕೆ. ಭಾನುವಾರ ಬೆಳಗ್ಗೆ ಅದನ್ನು ತೊಳೆದು ಒರೆಸಿದವನು ಆತ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಆಗಮ, ಭೋಗ ಎಂಬ ಎರಡು ಮಾತುಗಳು ಬರುತ್ತವೆ. ವಸ್ತುವು ನ್ಯಾಯವಾಗಿ ಕೈಸೇರಿದ ಬಗೆ ಆಗಮ; ಅದನ್ನು ಅನುಭವಿಸುತ್ತಿರುವುದು ಭೋಗ. ತಲೆಮಾರುಗಳಿಂದ ಬಂದ ಅನುಭವದ ಹೊರತು ಉಳಿದೆಡೆಗಳಲ್ಲಿ ಭೋಗಕ್ಕಿಂತ ಆಗಮವೇ ಬಲವೆಂಬುದು ಅಲ್ಲಿಯ ನಿರ್ಣಯ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಸ್ತ್ರೀಧನವೆಂಬುದರ ಎಲ್ಲೆಯನ್ನು ಉದಾರವಾಗಿ ಹಿಗ್ಗಿಸಿ, ಹೆಣ್ಣು ಕ್ರಯಕ್ಕೆ ಕೊಂಡದ್ದನ್ನೂ ಅದರಲ್ಲಿ ಸೇರಿಸಿದ ಪುಣ್ಯಾತ್ಮನು ಅವನೇ. ಆದರೆ ಈಕೆಯ ಕಾರಿನಲ್ಲಿ ಕ್ರಯದ ದೊಡ್ಡ ಪಾಲೂ ಭೋಗವೂ ಒಂದು ಕಡೆಗೆ, ಕಾಗದದ ಮೇಲಿನ ಹೆಸರು ಇನ್ನೊಂದು ಕಡೆಗೆ. ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಯಾಗಿದ್ದರೆ ವಿವಾಹ ಕಾಯಿದೆಯ 27ನೆಯ ಕಲಮಿನಂತೆ ವಿಚ್ಛೇದನದ ನ್ಯಾಯಾಲಯವೇ ಅದರ ವ್ಯವಸ್ಥೆ ಮಾಡಬಹುದಾಗಿದ್ದಿತು. ಒಂಬತ್ತು ವರ್ಷ ಕಳೆದ ಮೇಲೆ ಕೊಂಡ ಕಾರು ಆ ಮಾತಿಗೆ ಒಳಪಡುವುದಿಲ್ಲ.

ವಕೀಲರು ಇದ್ದುದನ್ನು ಇದ್ದಂತೆ ಹೇಳಿದರು.

“ಕಂತು ಕಟ್ಟಿದವರು ತಾವೆಂದು ಬ್ಯಾಂಕಿನ ಲೆಕ್ಕವೇ ಸಾಕ್ಷಿ ಹೇಳುತ್ತದೆ, ಅಮ್ಮ. ವ್ಯಾಜ್ಯ ಹೂಡಬಹುದು. ಹೂಡಿದರೆ ಒಮ್ಮತದ ಅರ್ಜಿ ಒಮ್ಮತದ್ದಾಗಿ ಉಳಿಯುವುದೋ ಇಲ್ಲವೋ ಹೇಳಲಾರೆ.”

“ಅದು ತೀರುವ ವೇಳೆಗೆ ಗಾಡಿಯ ಬೆಲೆ ಎಷ್ಟಿರುತ್ತದೆ, ಸರ್?”

“ಅದನ್ನು ನನಗಿಂತ ತಾವೇ ಚೆನ್ನಾಗಿ ಲೆಕ್ಕ ಹಾಕಬಲ್ಲಿರಿ.”

ಆಕೆ ಲೆಕ್ಕ ಹಾಕಿದಳು. ಸವಕಳಿಯ ಪಾಠವನ್ನು ಹದಿನೈದು ವರ್ಷ ಕರಿಹಲಗೆಯ ಮೇಲೆ ಬರೆದವಳು ತನ್ನ ಬಾಳಿನ ಲೆಕ್ಕವನ್ನು ಮಗಳ ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ಬರೆದಳು. ಮುಂಗಡ 3,00,000, ಮೂವತ್ತಾರು ಕಂತುಗಳು, 6,37,200, ಒಟ್ಟು ತೆತ್ತದ್ದು 9,37,200. ಗಾಡಿಗೆ ಈಗ ಬರುವ ಬೆಲೆ 9,40,000. ಸಾಲವನ್ನೂ ಅವಧಿಗೆ ಮುಂಚೆ ತೀರಿಸುವ ಶುಲ್ಕವನ್ನೂ ಕಟ್ಟಿದರೆ 7,20,000 ಹೋಗಿ ಉಳಿಯುವುದು 2,20,000. ಎಂದ ಮೇಲೆ ಮೂರು ವರ್ಷದ ಭೋಗಕ್ಕೆ ಸಂದದ್ದು 7,17,200. ತಿಂಗಳಿಗೆ ಸುಮಾರು 20,000. ಪೆಟ್ರೋಲು, ವಿಮೆ ಇದರಲ್ಲಿ ಸೇರಿಲ್ಲ. ಅಷ್ಟು ಬಾಡಿಗೆಯ ಮನೆಯಲ್ಲಿ ಅವರು ಎಂದೂ ವಾಸ ಮಾಡಿರಲಿಲ್ಲ.

ಕಾರನ್ನು ಮಾರಿ ಉಳಿದುದನ್ನು ಸಮನಾಗಿ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ತಲೆಗೆ 1,10,000. ಹೆಚ್ಚು ಕಟ್ಟಿದವಳು ಅರ್ಧಕ್ಕೆ ಒಪ್ಪಿದ್ದು ದಡ್ಡತನವೆಂದು ನೆಂಟರೆಲ್ಲರೂ ಆಡಿಕೊಂಡರು. ಆಕೆಯ ಕೈಯಲ್ಲಿ ಅವರಿಗೆ ತಿಳಿಯದ ಇನ್ನೊಂದು ಲೆಕ್ಕವಿದ್ದಿತು. ಮಗಳು ತಾಯಿಯ ಬಳಿಯಲ್ಲಿರತಕ್ಕದ್ದೆಂಬ ಕಲಮಿಗೆ ಆತನು ತಕರಾರಿಲ್ಲದೆ ರುಜು ಮಾಡಿದ್ದನು. ಕಾರಿನ ಸಲುವಾಗಿ ಆ ಕಾಗದವನ್ನು ಮತ್ತೆ ಬಿಚ್ಚಿಸಲು ಆಕೆಗೆ ಧೈರ್ಯವಿರಲಿಲ್ಲ. ಆತನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಗಾಡಿಯ ಮೇಲೆ ಆಸೆ ಆತನಿಗೇ ಹೆಚ್ಚು, ನೋಂದಣಿಯ ಬಲದಿಂದ ಹಟ ಹಿಡಿಯಬಹುದಾಗಿದ್ದಿತು, ಹಿಡಿಯಲಿಲ್ಲ.

ಅನಂತರ ಹಳೆಯ ಗಾಡಿಯೊಂದನ್ನು ಹುಡುಕುವ ಕೆಲಸ. ಸಹೋದ್ಯೋಗಿಯೊಬ್ಬರು ಗ್ಯಾರೇಜಿನ ಮುದುಕ ಮೇಸ್ತ್ರಿಯನ್ನು ಗೊತ್ತುಮಾಡಿಕೊಟ್ಟರು. ಆತನ ವಿದ್ಯೆಯು ಯಾವ ಶಾಸ್ತ್ರಿಯ ವಿದ್ಯೆಗೂ ಕಡಮೆಯದಲ್ಲ. “ಅಕ್ಕಾ, ಬಣ್ಣ ನೋಡಿ ಗಾಡಿ ತಗೋಬೇಡಿ, ಬಾಗಿಲ ರಬ್ಬರು ಎತ್ತಿ ನೋಡಿ” ಎಂಬುದು ಆತನ ಪ್ರಥಮ ಸೂತ್ರ. ಹೊರಗಿನ ಬಣ್ಣಕ್ಕೂ ರಬ್ಬರಿನ ಅಡಿಯ ಬಣ್ಣಕ್ಕೂ ಭೇದವಿದ್ದರೆ ಎಲ್ಲಿಯೋ ಗುದ್ದಿಸಿ ಟಿಂಕರಿಂಗ್ ಮಾಡಿಸಿದ ಗಾಡಿ. ಮೊದಲು ನೋಡಿದ ಕಾರಿನ ಕಾಲುಹಾಸನ್ನು ಎತ್ತಿದಾಗ ಒಣಗಿದ ಕೆಸರೂ ತುಕ್ಕೂ ಕಂಡವು. ನೆರೆಯಲ್ಲಿ ನಿಂತದ್ದೆಂದು ಹೇಳಿ ಮೇಸ್ತ್ರಿ ಮುಂದೆ ನಡೆದನು. ಎರಡನೆಯದು ಹೊಗೆ ಬಿಟ್ಟಾಗ ಹೊಗೆಯಲ್ಲಿ ನೀಲಿ ಛಾಯೆ ಕಾಣಿಸಿತು. ಇಂಜಿನ್ ಎಣ್ಣೆಯನ್ನು ಸುಡುತ್ತಿದೆಯೆಂದು ಅದರ ಅರ್ಥ. ಮೂರನೆಯದರ ಮೀಟರು 38,000 ಕಿಲೋಮೀಟರೆಂದು ತೋರಿಸುತ್ತಿದ್ದಿತು. ಕ್ಲಚ್ಚಿನ ರಬ್ಬರು ಮಾತ್ರ ಸವೆದು ಕಬ್ಬಿಣ ಕಾಣುತ್ತಿದ್ದಿತು. ಮೀಟರನ್ನು ಹಿಂದಕ್ಕೆ ತಿರುಗಿಸುವವರುಂಟು, ಕಾಲು ಸವೆಸಿದ ರಬ್ಬರನ್ನು ಬದಲಿಸಲು ಮರೆಯುತ್ತಾರೆ ಎಂದನು ಮೇಸ್ತ್ರಿ.

ಕಡೆಗೆ ಸಿಕ್ಕಿದುದು 2014ರ ಮಾರುತಿ ಆಲ್ಟೊ 800, ನಿವೃತ್ತ ಗುಮಾಸ್ತರೊಬ್ಬರದು, ಒಬ್ಬರೇ ಒಡೆಯರು, 61,000 ಕಿಲೋಮೀಟರು. ಕೇಳಿದ್ದು 2,05,000; ತೀರಿದ್ದು 1,85,000. ಟೈರಿಗೂ ಬ್ಯಾಟರಿಗೂ ಮೇಲೆ 16,000. ಹದಿನೈದು ವರ್ಷದ ನೋಂದಣಿಯಲ್ಲಿ ಇನ್ನು ಐದು ವರ್ಷ ಉಳಿದಿದ್ದಿತು. ಅದು ಮುಗಿದ ಮೇಲೆ ನವೀಕರಿಸಬೇಕಾದರೆ ಮುನ್ನಿನಂತೆ 600 ರೂಪಾಯಿ ಸಾಲದು, 2022ರ ಏಪ್ರಿಲಿನಿಂದ ಅದು 5,000ಕ್ಕೆ ಏರಿದೆ. ಈ ಸಂಗತಿಯೂ ಆಕೆಯ ಪುಸ್ತಕದಲ್ಲಿ ದಾಖಲಾಯಿತು.

ಹೆಸರು ಬದಲಾಯಿಸುವ ಕಾಗದಗಳಲ್ಲಿ ಆಕೆ ತೋರಿಸಿದ ಆತುರವನ್ನು ಕಂಡು ಗುಮಾಸ್ತರಿಗೆ ಆಶ್ಚರ್ಯವಾಯಿತು. ಮಾರಿದವನು ಹದಿನಾಲ್ಕು ದಿನದೊಳಗೆ, ಕೊಂಡವನು ಮೂವತ್ತು ದಿನದೊಳಗೆ ಸಾರಿಗೆ ಕಛೇರಿಗೆ ತಿಳಿಸಬೇಕೆಂಬುದು ನಿಯಮ. ಜನರು ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಗಾಡಿಯನ್ನು ಮಾರಿಬಿಟ್ಟಿದ್ದರೂ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆಕೆ ಎರಡೇ ದಿನದಲ್ಲಿ 29, 30ನೆಯ ನಮೂನೆಗಳಿಗೆ ರುಜು ಹಾಕಿಸಿದಳು.

ಚಿಕ್ಕ ಗಾಡಿಯಿಂದ ನಷ್ಟವೇ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಚಾಲಕನ ಮುಂದೆ ಗಾಳಿಚೀಲವಿರಲೇಬೇಕೆಂಬ ಕಟ್ಟಳೆ ಹೊಸ ಕಾರುಗಳಿಗೆ ಬಂದದ್ದು 2019ರ ಜುಲೈಯಲ್ಲಿ. ಈ ಆಲ್ಟೊದಲ್ಲಿ ಅದಿಲ್ಲ. ಆದುದರಿಂದ ಆಗುಂಬೆಯ ಘಾಟಿಯನ್ನು ಮಗಳೊಡನೆ ಅದರಲ್ಲಿ ಇಳಿಯುವುದಿಲ್ಲವೆಂದು ಆಕೆ ನಿಶ್ಚಯಿಸಿದಳು. ಉಡುಪಿಗೆ ಈಗ ಬಸ್ಸು. ಮಗಳಿಗೆ ಬಸ್ಸಿನಲ್ಲಿ ವಾಕರಿಕೆ ಬರುವುದು, ಅದಕ್ಕೆ ಮದ್ದಿಲ್ಲ. ತಿಂಗಳ 17,700 ಮಾತ್ರ ಈಗ ಮನೆಯ ಬಾಡಿಗೆಗೂ ಮಗಳ ಶಾಲೆಯ ಶುಲ್ಕಕ್ಕೂ ಒದಗುತ್ತದೆ.

ಆಕೆಯ ತಂದೆ ತೀರ್ಥಹಳ್ಳಿಯ ಕಡೆಯ ಅಡಕೆ ತೋಟದವರು. ಮಗಳ ಮನೆ ಒಡೆದುದನ್ನು ಸಹಿಸಿಕೊಂಡವರು ಕಾರಿನ ಸಂಗತಿಯನ್ನು ಸಹಿಸದಾದರು. “ಮಗಳೇ, ಬರುವುದಾದರೆ ಬಸ್ಸಿಗೆ ಬಾ. ಆ ಡಬ್ಬಿಯಲ್ಲಿ ಬಂದರೆ ಊರವರು ಏನೆಂದಾರು?” ಎಂದು ಫೋನಿನಲ್ಲಿ ಹೇಳಿದರು. ದೊಡ್ಡ ಕಾರು ಬಂದ ವರ್ಷ ಅದನ್ನು ಅಂಗಳದ ನಡುವೆ, ದಾರಿಗೆ ಕಾಣುವಂತೆ ನಿಲ್ಲಿಸಿದವರು ಅವರೇ.

ನೋಂದಣಿಯ ಕಾರ್ಡು ಅಂಚೆಯಲ್ಲಿ ಬಂದ ವಾರದಲ್ಲಿಯೇ ಆಯುಧಪೂಜೆ. ಆಕೆ ಮಗಳನ್ನು ಕೂರಿಸಿಕೊಂಡು ಮಂಡಗದ್ದೆಯ ಮಾರ್ಗವಾಗಿ ಅದೇ ಗಾಡಿಯಲ್ಲಿ ಹೋದಳು. ತಂದೆ ಗಾಡಿಯ ಸುತ್ತ ಒಂದು ಸುತ್ತು ಬಂದರು. “ಎಷ್ಟಾಯಿತು?” ಎಂದರು. ಹೇಳಿದಳು. “ಸಾಲ ಎಷ್ಟು?” ಎಂದರು. “ಇಲ್ಲ, ಅಪ್ಪಯ್ಯ” ಎಂದಳು. ಕಾರ್ಡನ್ನು ಇಸಿದುಕೊಂಡು ಕನ್ನಡಕವನ್ನು ಏರಿಸಿ ಮಗಳ ಹೆಸರನ್ನು ಓದಿದರು, ಹಿಂದೆ ತಮ್ಮ ಹೆಸರಿದೆಯೆ ಎಂದು ನೋಡಿದರು, ಇದ್ದಿತು. ಮಧ್ಯಾಹ್ನ ಗಾಡಿಗೆ ಕುಂಕುಮವನ್ನಿಟ್ಟು, ಗಾಲಿಯಡಿಗೆ ನಿಂಬೆಹಣ್ಣನ್ನಿರಿಸಿ, ಪೂಜೆ ಮುಗಿದೊಡನೆ ಅದನ್ನು ಕೊಟ್ಟಿಗೆಯ ಹಿಂದಕ್ಕೆ ನಿಲ್ಲಿಸುವಂತೆ ಹೇಳಿದರು. ಅಲ್ಲಿ ನೆರಳಿದೆಯೆಂದು ಅವರು ಕಾರಣ ಕೊಟ್ಟರು. ನೆರಳು ಇದ್ದುದೇನೋ ನಿಜ. ಆಕೆ ಮರುಮಾತಾಡದೆ ಗಾಡಿಯನ್ನು ಹಿಂದಕ್ಕೆ ಒಯ್ದು ನಿಲ್ಲಿಸಿದಳು.